ಸಿಂಗಾಪುರದಲ್ಲಿ ಶೆಟ್ಟರ ಚಳಿಗಾಲ

ಇವತ್ತು ಕ್ಲೆಮೆಂಟಿಯ ಹಾಕರ್ ಸೆಂಟರಿನಲ್ಲಿ ಊಟಕ್ಕೆ ಕೂತಿದ್ದಾಗ ಪಕ್ಕದ ಟೇಬಲ್ಲಿಗೆ ಒಂದು ಲೋಟ ಬಂಡುಂಗ್ ಬಂತು. ಗುಲಾಬಿ ಶರಬತ್ತಿಗೆ ಹಾಲು ಬೆರೆಸಿದ ಪಾನೀಯ. ಅದನ್ನು ಕಂಡರೆ ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ, ನನಗೆ ಶೆಟ್ಟರ ಬೋಟು ನೆನಪಾಗುತ್ತದೆ.

ದಯಾನಂದ ಶೆಟ್ಟರು ಉಡುಪಿ ಕಡೆಯವರು, ಟುವಾಸ್‌ನಲ್ಲಿ ನನ್ನ ಸಹೋದ್ಯೋಗಿ. ಸ್ವಂತ ಬೋಟಿನಲ್ಲಿ ಒಮ್ಮೆ ಸಮುದ್ರಕ್ಕೆ ಹೋಗಬೇಕೆಂಬುದು ಅವರ ಹೆಂಡತಿ ಪ್ರೇಮಾ ಅವರ ಬಹುದಿನದ ಆಸೆ. ಕೆಲವು ವರ್ಷಗಳ ಹಿಂದೆ ಶೆಟ್ಟರು ಹಳೆಯದೊಂದು ಬೋಟು ಕೊಂಡು ಸೆಂಬವಾಂಗ್ ಕಡೆ ಸಮುದ್ರತೀರದಲ್ಲಿ ನಿಲ್ಲಿಸಿದರು. ಬೋಟು ಬಂತು, ಆಸೆ ದಡದಲ್ಲೇ ಉಳಿಯಿತು.

ನಾನು ಗದಗಿನವನು. ನಮ್ಮ ಕಡೆ ದೊಡ್ಡ ನೀರೆಂದರೆ ಕೆರೆ. ಹಾಗಾಗಿ ಶೆಟ್ಟರು ಹೇಳಿದ್ದನ್ನೆಲ್ಲ ನಂಬಬೇಕಿತ್ತು.

“ನೋಡಿ, ಬೋಟಿನ ಇಂಜಿನ್ ಸಮುದ್ರದ ನೀರು ಎಳ್ಕೊಂಡೇ ಕೂಲ್ ಆಗೋದು. ಉಪ್ಪು ಒಳಗೇ ಉಳಿದ್ರೆ ತುಕ್ಕು ಹಿಡೀತದೆ. ಸಿಹಿನೀರಲ್ಲಿ ಫ್ಲಶ್ ಮಾಡ್ಲೇಬೇಕು.”

ಪ್ರತಿ ಶನಿವಾರ ಪೈಪ್ ಸಿಕ್ಕಿಸಿ ಫ್ಲಶ್ ಮಾಡಿದರು. ಅವರ ಕೈಗೆ ಬಂದ ಮೇಲೆ ಒಂದು ಹನಿ ಉಪ್ಪುನೀರನ್ನೂ ಕಾಣದ ಇಂಜಿನ್ ಅದು! ನಮ್ಮ ಮನೆಯಲ್ಲಿ ಲಿಂಗಕ್ಕೂ ಅಷ್ಟು ಶ್ರದ್ಧೆಯಿಂದ ಅಭಿಷೇಕವಾದದ್ದು ನಾನು ಕಂಡಿಲ್ಲ.

ನವೆಂಬರಿನಲ್ಲಿ ಅಮೆರಿಕದವನೊಬ್ಬನ ವಿಡಿಯೋ ನೋಡಿದರು. ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿದರೆ ಇಂಜಿನ್ ಸೀಳಿಹೋಗುತ್ತದಂತೆ. ಸರಿ, ಅಲ್ಲಿಂದಲೇ ಹೆಪ್ಪುಗಟ್ಟದಂತೆ ಕಾಯುವ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ ತರಿಸಿದರು. ಹಿಂದಿನ ಕೊಳವೆಯಿಂದ ಗುಲಾಬಿ ಬಣ್ಣ ಬರುವ ತನಕ ಇಂಜಿನ್ನಿಗೆ ಕುಡಿಸಿ, ಮೇಲೆ ಟಾರ್ಪಾಲು ಹೊದಿಸಿದರು. ನಾನು ಬೆವರಿಗೆ ಬೆನ್ನಿಗಂಟಿದ ಅಂಗಿಯನ್ನು ಬಿಡಿಸಿಕೊಳ್ಳುತ್ತ ನೋಡುತ್ತಿದ್ದೆ.

“ಅಂಕಲ್, ಇಲ್ಲಿ ವಿಂಟರೇ ಇಲ್ಲ ಲಾ!” ಎಂದಳು ಜೊತೆಗಿದ್ದ ನನ್ನ ಮಗಳು, ಸಿಂಗಾಪುರದ ರಾಗದಲ್ಲಿ.

“ಮ್ಯಾನ್ಯುವಲ್‌ನಲ್ಲಿ ಉಂಟಲ್ಲ ಪುಟ್ಟಾ,” ಎಂದರು ಶೆಟ್ಟರು.

ಮಾರ್ಚ್ ತನಕ ಅಮೆರಿಕದ ಚಳಿ. ಆಮೇಲೆ ಗುಲಾಬಿ ಬಣ್ಣ ತೊಳೆಯುವ ಕೆಲಸ. ಅಷ್ಟರಲ್ಲಿ ಶೆಟ್ಟರ ಊರಿನಲ್ಲಿ ಮಳೆ ಶುರು. “ಸಮುದ್ರಪೂಜೆ ಆಗ್ದೆ ಬೋಟ್ ಇಳಿಸೋದುಂಟಾ?” ಊರಿನವರು ಕಡಲಿಗೆ ತೆಂಗಿನಕಾಯಿ ಬಿಟ್ಟು ದೋಣಿ ಇಳಿಸುವ ಹೊತ್ತಿಗೆ ಇಲ್ಲಿ ನೆರೆದೇಶದ ಕಾಡ್ಗಿಚ್ಚಿನ ಹೊಗೆ ಮುಸುಕಿರುತ್ತಿತ್ತು. ಹೊಗೆ ಕರಗಿದರೆ ಮತ್ತೆ ನವೆಂಬರ್. ಇದನ್ನೆಲ್ಲ ನಾನು ಆಫೀಸಿನಲ್ಲಿ ಉಪ್ಪುಖಾರ ಹಚ್ಚಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ.

ಒಮ್ಮೆ ನಮ್ಮ ಬ್ಲಾಕಿನ ವಾಯ್ಡ್ ಡೆಕ್ ಎಂಬ ನೆಲಮಹಡಿಯ ತೆರೆದ ಜಾಗದಲ್ಲಿ ಪ್ರೇಮಾ ಅವರೆದುರೂ ಅದೇ ಪ್ರವಚನ ಶುರು ಮಾಡಿದೆ. ಅವರು ನಗಲಿಲ್ಲ.

“ಅವರಿಗೆ ಸಮುದ್ರ ಅಂದ್ರೆ ಹೆದರಿಕೆ. ಚಿಕ್ಕಂದಿನಲ್ಲಿ ಅಲೆ ಎಳ್ಕೊಂಡು ಹೋಗಿತ್ತಂತೆ. ಉಡುಪಿಯವರಲ್ವಾ, ಹೇಳ್ಕೊಳ್ಳೋಕೆ ನಾಚಿಕೆ. ಆದ್ರೂ ನನಗೋಸ್ಕರ ಬೋಟ್ ತಗೊಂಡ್ರು. ನಾನೇ ಲೈಸೆನ್ಸ್ ಕ್ಲಾಸಿಗೆ ಸೇರಿದ್ದೀನಿ.”

ಶೆಟ್ಟರ ಮೇಲೆ ಅವತ್ತು ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಲೈಸೆನ್ಸ್ ಸಿಕ್ಕಿತು. ಜನವರಿಯಲ್ಲಿ, ಅಂದರೆ ಶೆಟ್ಟರ ನಡುಚಳಿಗಾಲದಲ್ಲಿ, ಪ್ರೇಮಾ ಟಾರ್ಪಾಲು ಕಿತ್ತು, ಆ್ಯಂಟಿಫ್ರೀಜ್ ತೊಳೆದು, ಗೆಳತಿಯೊಬ್ಬರನ್ನು ಹತ್ತಿಸಿಕೊಂಡು ಹೊರಟೇಬಿಟ್ಟರು. ನನ್ನನ್ನೂ ಕರೆದಿದ್ದರು, ಆದರೆ ನನಗೆ ಆಗಲೇ ಒಂದು ಅರ್ಜೆಂಟ್ ಫೋನ್ ಮಾಡಬೇಕೆಂದು ನೆನಪಾಯಿತು. ದಡದಲ್ಲಿ ಶೆಟ್ಟರು ಪೈಪನ್ನು ಹಗ್ಗದಂತೆ ಬಿಗಿಹಿಡಿದು ನಿಂತಿದ್ದರು. ಬೋಟು ಮರಳಿದ್ದೇ ತಡ, ಪೈಪ್ ಸಿಕ್ಕಿಸಿ ನೀರು ಬಿಟ್ಟರು, ಹಿಂದಿನಿಂದ ಸುರಿದದ್ದನ್ನು ಬೊಗಸೆಯಲ್ಲಿ ಹಿಡಿದು ನಾಲಿಗೆಗೆ ಹಚ್ಚಿಕೊಂಡರು.

“ಉಪ್ಪುಂಟು ಮಾರಾಯ್ರೇ!” ಎಂದು ನನ್ನತ್ತ ತಿರುಗಿದಾಗ ಅವರ ಕಣ್ಣು ತುಂಬಿತ್ತು.

ಆಮೇಲೆ ಪ್ರೇಮಾ ನನ್ನನ್ನೂ ಕರೆಯುತ್ತಲೇ ಇದ್ದಾರೆ. ಒಮ್ಮೆ ನನಗೆ ಬಿಪಿ, ಒಮ್ಮೆ ಮಗಳ ಪರೀಕ್ಷೆ. ಈಗ ಊಟದ ನಡುವೆ ಅವರದೇ ಮೆಸೇಜ್: “ಶನಿವಾರ ಬರ್ತೀರಾ?” ಯಾವ ನೆಪವೂ ತೋಚಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದೆ: “ನನಗೂ ನೀರಂದ್ರೆ ಹೆದರಿಕೆ. ಶೆಟ್ರ ಜೊತೆ ದಡದಲ್ಲಿ ನಿಂತಿರ್ತೀನಿ.”

ಕೂಡಲೇ ಉತ್ತರ ಬಂತು: “ಹಾಗಾದ್ರೆ ನೀವೊಬ್ಬರೇ ನಿಲ್ಬೇಕಾಗ್ತದೆ. ಈ ಸಲ ಅವರು ಬೋಟಲ್ಲಿರ್ತಾರೆ.”