ಅಡುಗೆಮನೆಯ ಕಡೆಯ ಮಗ್ಗುಲು

ಉಳ್ಳಾಲದ ಮನೆಯಲ್ಲಿ ಅಮ್ಮನ ಮಂಚದ ಎಡಗಡೆ ಕಿಟಕಿ, ಬಲಗಡೆ ಅಡುಗೆಮನೆಯ ಬಾಗಿಲು. ಹೀಗೆಯೇ ಇತ್ತೇ? ಇರಲೇಬೇಕು, ಇಲ್ಲದಿದ್ದರೆ ಆ ಜಗಳಕ್ಕೆ ಅರ್ಥವಿಲ್ಲ. ಜಗಳ ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅರ್ಧ ಉರಿ ಆರಿದೆ.

ಬೆನ್ನುಮೂಳೆಗೆ ಪೆಟ್ಟಾಗಿ ಅಮ್ಮನಿಗೆ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಬಾಯಿಗೇನೂ ಆಗಿರಲಿಲ್ಲ. ಯಾವಾಗಲೂ ಕಿಟಕಿಯ ಕಡೆ, ಎಡಕ್ಕೇ ಮಲಗುವುದು; ಬಲಕ್ಕೆ ತಿರುಗಿಸಲು ಹೋದರೆ ಕೈಗೆ ಹೊಡೆಯುತ್ತಿದ್ದಳು. ಆ ಕಡೆ ಅತ್ತಿಗೆ. ಅಮ್ಮ ಬಿದ್ದ ವಾರವೇ, ಅಮ್ಮ ಮೀನು ಮಾರುತ್ತಿದ್ದ ಬುಟ್ಟಿಯನ್ನು ಮಾರ್ಕೆಟಿನಲ್ಲಿ ಬೇರೊಬ್ಬಳಿಗೆ ಕೊಟ್ಟು ಬಂದವಳು.

"ಅವಳ ಮುಖ ನೋಡುವುದಕ್ಕಿಂತ ಕೊಳೆಯುವುದೇ ಒಳ್ಳೆಯದು. ನೋವಂತೂ ಇಲ್ಲ."

ಮನೆಗೆ ಬರುವ ನರ್ಸ್ ಎಡಸೊಂಟದ ಕೆಂಪು ಕಲೆಯನ್ನು ಬೆರಳಿನಿಂದ ಒತ್ತಿದಳು. ಬಣ್ಣ ಬದಲಾಗಲಿಲ್ಲ.

"ಒತ್ತಿದ್ರೆ ಬಿಳಿಚಬೇಕು. ಒಳಗೆ ಹಾಳಾಗ್ಲಿಕ್ಕೆ ಶುರುವಾಗಿದೆ. ಈ ಮಗ್ಗುಲು ಸದ್ಯ ಬೇಡ. ಎಣ್ಣೆ ಹಾಕಿ ತಿಕ್ಕುವುದೂ ಬೇಡ."

ದಿಂಬನ್ನು ಮಂಚದ ಕಾಲಿನ ತುದಿಗೆ ಹಾಕಿದರೆ ಬಲಕ್ಕೆ ಮಲಗಿದರೂ ಕಿಟಕಿಯೇ ಕಾಣುತ್ತದೆ ಎಂದೆ.

"ತಲೆ ಉತ್ತರಕ್ಕಾ? ನನ್ನನ್ನು ಕಳಿಸ್ಲಿಕ್ಕೆ ನೀನೂ ಸೇರಿದ್ದೀಯಾ?"

ಅತ್ತಿಗೆ ಒಳಗಿಂದ ಬಂದಳು. ಮೀನು ಮುಟ್ಟಿದ ಕೈಯನ್ನು ಸಾಬೂನು ಹಾಕಿ ತೊಳೆದು ಒರೆಸಿಕೊಂಡು, ಕಲೆಯ ಪಕ್ಕದಲ್ಲಿ ಹೆಬ್ಬೆರಳು ಇಟ್ಟಳು.

"ಮಾಮಿ, ಬಂಗುಡೆ ಮೀನನ್ನು ಹೀಗೆ ಒತ್ತಿ ಗುಳಿ ಬಿದ್ದು ಉಳಿದ್ರೆ ನೀವು ಎಂತ ಮಾಡ್ತಿದ್ರಿ?"

ಅಮ್ಮ ಕಿಟಕಿ ನೋಡುತ್ತಲೇ ಹೇಳಿದಳು.

"ಬೆಕ್ಕಿಗೆ ಹಾಕ್ತಿದ್ದೆ."

"ನಮ್ಮಲ್ಲಿ ಬೆಕ್ಕೂ ಇಲ್ಲ."

ನರ್ಸ್ ಚೀಲ ಮುಚ್ಚುವ ಸದ್ದು. ಅಥವಾ ಅವಳು ಆಗಲೇ ಹೋಗಿದ್ದಳು.

"ನಾನು ಹೋದ್ರೆ ಈ ಮನೆಗೆ ನೀನೊಬ್ಬಳೇ ಯಜಮಾನ್ತಿ," ಎಂದಳು ಅಮ್ಮ. "ಆ ಸುಖ ನಿನಗೆ ಕೊಡುವುದಿಲ್ಲ ಮಾರಾಯ್ತಿ. ತಿರುಗಿಸು."

ತಿರುಗಿಸಿದೆವು. ಮೊಣಕಾಲುಗಳ ನಡುವೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಇನ್ನೊಂದು. ಆಮೇಲೆ ಎರಡು ಗಂಟೆಗೊಮ್ಮೆ ಬೆನ್ನು, ಬಲ, ಬೆನ್ನು. ಬಲಕ್ಕೆ ಬಂದಾಗಲೆಲ್ಲ ಅಮ್ಮ ಕಾವಲು ಕೂತವಳಂತೆ ಅಡುಗೆಮನೆಯನ್ನು ನೋಡುತ್ತಿದ್ದಳು. "ಹುಳಿ ಜಾಸ್ತಿಯಾಯ್ತು," ಎನ್ನುತ್ತಿದ್ದಳು, ರುಚಿ ನೋಡದೆ. ಒಳಗೆ ಸೌಟು ಪಾತ್ರೆಗೆ ಬಡಿಯುತ್ತಿತ್ತು.

ಮುಂದಿನ ವಾರವೋ, ತಿಂಗಳೋ. ನೆನಪು ದಿನಗಳನ್ನು ಒಂದಕ್ಕೊಂದು ಅಂಟಿಸಿದೆ, ಅದನ್ನು ನಂಬಬೇಡಿ. ಅತ್ತಿಗೆ ಕಲೆಯನ್ನು ಒತ್ತಿದಳು. ಬಿಳಿಚಿತು. ಬೆರಳು ತೆಗೆದಾಗ ನಿಧಾನಕ್ಕೆ ಕೆಂಪು ಮರಳಿತು.

"ಎಂತ?" ಅಮ್ಮ ಕೇಳಿದಳು.

"ಮಾರ್ಬಹುದು," ಎಂದಳು ಅತ್ತಿಗೆ, ಮುಖ ಗಂಟಿಕ್ಕಿಕೊಂಡೇ.