ಛೇಂಬರ್ ಎಲ್ಲಿದೆ ಎಂದು ಕೇಳುವ ವೆಂಕಟಸ್ವಾಮಿ

ಬಚ್ಚಲಿನ ತೂತು ಗುಡುಗುಡು ಎಂದರೆ ಅದು ಒಳ್ಳೆಯ ಆರೋಗ್ಯದ ಲಕ್ಷಣ ಎಂದು ಸೀನು ಎಂಟು ತಿಂಗಳು ನಂಬಿದ್ದ. ಮಹಡಿಯಲ್ಲಿ ಸೀತಮ್ಮನವರು ಬಕೆಟ್ ಬಗ್ಗಿಸಿದಾಗಲೆಲ್ಲ ಕೆಳಗೆ ಇವನ ಬಚ್ಚಲು ಹೊಟ್ಟೆ ತುಂಬಿದವರಂತೆ ತೇಗುತ್ತಿತ್ತು. ನಮ್ಮನೆ ಡ್ರೈನೇಜು ಎಷ್ಟು ಚುರುಕೆಂದರೆ ಮೇಲಿನವರ ನೀರನ್ನೂ ಎಳೆದುಕೊಂಡುಬಿಡುತ್ತದೆ ಎಂದು ಆಫೀಸಿನ ಕ್ಯಾಂಟೀನಿನಲ್ಲಿ ಜಂಬ ಕೂಡ ಕೊಚ್ಚಿಕೊಂಡಿದ್ದ. ಕೇಳಿದವರೂ ಗುಮಾಸ್ತರೇ ಆದ್ದರಿಂದ ಯಾರೂ ನಗಲಿಲ್ಲ.

ಮಧ್ಯೆ ಒಂದಿಷ್ಟು ವಾಸನೆ ಶುರುವಾಯಿತು. ಪಾತ್ರೆಯನ್ನು ಫಳಫಳ ಮಾಡುವ ಬೂದಿ ಪೈಪನ್ನೂ ಯಾಕೆ ಮಾಡಬಾರದು ಎಂದು ಸೀನು ಯೋಚಿಸಿದ. ಹಂಡೆಯ ಒಲೆಯಲ್ಲಿ ಬೂದಿಗೇನೂ ಬರವಿರಲಿಲ್ಲ. ಪ್ರತಿ ಭಾನುವಾರ ಒಂದು ಡಬ್ಬ ಬೂದಿ, ಹಿಂದೆಯೇ ಒಂದು ಬಕೆಟ್ ನೀರು. ಅವನ ತಾಯಿ ಲಕ್ಷ್ಮಿದೇವಮ್ಮ ಅದೇ ಬಚ್ಚಲಲ್ಲಿ ಬೂದಿ, ತೆಂಗಿನ ನಾರು ಹಾಕಿ ಪಾತ್ರೆ ತಿಕ್ಕುತ್ತಿದ್ದವರು, ಬಿ.ಎಸ್‌ಸಿ. ಓದಿದ ಮಗ ಮಾಡುವುದರಲ್ಲಿ ಏನೋ ಇರಬೇಕು ಎಂದು ಸುಮ್ಮನಿದ್ದರು.

ಎಂಬತ್ಮೂರನೇ ಇಸವಿಯ ಒಂದು ಬುಧವಾರ ಬೆಳಿಗ್ಗೆ, ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದ ಸೀನುವಿನ ಕಾಲ ಬಳಿ ನೀರು ಇಳಿಯುವ ಬದಲು ಏರತೊಡಗಿತು. ಮೊದಲು ತನ್ನದೇ ನೀರು, ಆಮೇಲೆ ಸೀತಮ್ಮನವರ ಮನೆಯ ಅನ್ನದ ಅಗುಳು, ಆಮೇಲೆ ಹೇಳಬಾರದ್ದು.

ಶುಕ್ರವಾರ ಅವನ ಅಕ್ಕ ಎಳೆಗೂಸಿನೊಂದಿಗೆ ಆಸ್ಪತ್ರೆಯಿಂದ ನೇರವಾಗಿ ಇಲ್ಲಿಗೇ ಬರುವವಳಿದ್ದಳು. ಬಾಣಂತಿಗೆ ದಿನವೂ ಹಂಡೆಗಟ್ಟಲೆ ನೀರು ಹುಯ್ಯಬೇಕು. ಬಚ್ಚಲು ಸರಿಯಾಗದಿದ್ದರೆ ಬಾಣಂತನ ಅತ್ತೆಮನೆಯಲ್ಲಿ, ಆ ಮಾತು ಬೀಗರ ಬಾಯಲ್ಲಿ ಹತ್ತು ವರ್ಷ. ಲಕ್ಷ್ಮಿದೇವಮ್ಮ ಅಳಲಿಲ್ಲ. ಮಗನ ಕಡೆ ನೋಡಿದರು ಅಷ್ಟೆ. ಅದಕ್ಕಿಂತ ಅತ್ತಿದ್ದರೇ ವಾಸಿಯಿತ್ತು.

ಸೀನು ಒಂದೇ ಉಸಿರಿಗೆ ಅಪರಾಧಿಯನ್ನು ಹಿಡಿದ. ಮನೆಯ ಮಾಲೀಕ ಗಂಗಾಧರಯ್ಯನವರ ಹೊಲಗಳು ಬನಶಂಕರಿ ಬಡಾವಣೆಗೆ ಹೋಗಿದ್ದವು. ಉಳಿದ ಜಾಗದಲ್ಲಿ ಅವರು ಬಾಡಿಗೆ ಮನೆ ಕಟ್ಟಿ, ಹಿತ್ತಿಲಲ್ಲಿ ಎರಡು ಹಸು ಇಟ್ಟುಕೊಂಡಿದ್ದರು. ಕೊಟ್ಟಿಗೆ ತೊಳೆದ ನೀರು, ಮನೆಯ ಪೈಪೆಲ್ಲ ಬಂದು ಸೇರುವ ಅಂಗಳದ ಮುಚ್ಚಳದ ಗುಂಡಿಗೆ, ಅಂದರೆ ಛೇಂಬರಿಗೇ ಹೋಗುತ್ತಿತ್ತು. ಎಲ್ಲ ನಿಮ್ಮ ಸಗಣಿಯ ಕೆಲಸ ಎಂದು ಸೀನು ಹೋಗಿ ವಾದ ಮಾಡಿದ.

"ನಮ್ ಹಸ ಈ ಜಾಗಕ್ಕೆ ನಿನಗಿಂತ ಹಳಬರು ಕಣಪ್ಪ," ಎಂದರು ಗಂಗಾಧರಯ್ಯ. ಆದರೂ ವೆಂಕಟಸ್ವಾಮಿಗೆ ಹೇಳಿಕಳಿಸಿದರು.

ವೆಂಕಟಸ್ವಾಮಿ ಶ್ರೀನಗರದವರು. ಹದಿನೇಳನೇ ವಯಸ್ಸಿಗೆ ಅಪ್ಪನ ಜೊತೆ ಈ ಕಡೆಯ ಚರಂಡಿ ಲೈನುಗಳಿಗೆ ಗುಂಡಿ ತೋಡಿ, ಪೈಪು ಹೊತ್ತು ಹಾಕಿದವರು. ಯಾವ ರಸ್ತೆ ಎಲ್ಲಿಗೆ ಇಳಿಜಾರು ಎಂಬುದು ಇಂಜಿನಿಯರರಿಗಿಂತ ಅವರ ಕಾಲಿಗೆ ಚೆನ್ನಾಗಿ ಗೊತ್ತು. ಆಮೇಲೆ ಅದೇ ಲೈನು ಕಟ್ಟಿಕೊಂಡರೆ ಬಿಡಿಸುವ ಕೂಲಿಯಾಗಿ ಖಾಯಂ ಆದರು. ಹೋದ ಮನೆಯಲ್ಲೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ, ಛೇಂಬರ್ ಎಲ್ಲಿದೆ. ಇಪ್ಪತ್ತೈದು ವರ್ಷದಲ್ಲಿ ನೆಟ್ಟಗೆ ಉತ್ತರ ಹೇಳಿದವರನ್ನು ಅವರು ಒಂದು ಕೈ ಬೆರಳಲ್ಲಿ ಎಣಿಸುತ್ತಾರೆ. ಜಯನಗರದ ಒಂದು ಮನೆಯಲ್ಲಿ ಅದರ ಮೇಲೆ ತುಳಸಿಕಟ್ಟೆ ಕಟ್ಟಿದ್ದರು. ಪದ್ಮನಾಭನಗರದ ಮೇಷ್ಟ್ರೊಬ್ಬರು ನಮ್ಮ ಮನೆಗೆ ಅದನ್ನು ಕೊಟ್ಟೇ ಇಲ್ಲ ಎಂದು ದೂರು ಹೇಳಿದರು.

ಗುಂಡಿಯೊಳಗೆ ಮಾತ್ರ ಅವರು ಇಳಿಯುವುದಿಲ್ಲ. ಹಿಂದೊಮ್ಮೆ ಜೊತೆಯವನೊಬ್ಬ ಮುಚ್ಚಳ ತೆಗೆದ ಕೂಡಲೇ ಇಳಿದು, ಒಳಗಿನ ವಿಷಗಾಳಿಗೆ ಸಿಕ್ಕಿ ಮೇಲೆ ಬರಲಿಲ್ಲ. ಅಂದಿನಿಂದ ಮೇಸ್ತ್ರಿ ಬೈದರೂ ಅಷ್ಟೆ, ಸಾಹೇಬರು ಬೈದರೂ ಅಷ್ಟೆ. ಮುಚ್ಚಳ ತೆಗೆದು, ಗಾಳಿ ಆಡಲು ಬಿಟ್ಟು, ಬೀಡಿಯನ್ನು ಹಚ್ಚದೆ ಕಿವಿಗೆ ಸಿಕ್ಕಿಸಿಕೊಂಡು ಕೂರುತ್ತಾರೆ. ಉಳಿದ ಕೆಲಸ ಮೇಲಿನಿಂದಲೇ, ಸೀಳಿದ ಬಿದಿರಿನ ಉದ್ದ ದಬ್ಬೆಗಳಿಂದ.

ಗುರುವಾರ ಏಳು ಗಂಟೆಗೆ ಸೈಕಲ್ಲಿಗೆ ದಬ್ಬೆ ಕಟ್ಟಿಕೊಂಡು ಬಂದವರು ಸೀನುವನ್ನೂ ಅದನ್ನೇ ಕೇಳಿದರು. ಸೀನು ಮಾಳಿಗೆಯ ಕಡೆ ನೋಡಿ, ಗೇಟಿನ ಕಡೆ ನೋಡಿ, ಮಾಲೀಕರನ್ನು ಕೇಳಬೇಕು ಎಂದ. ಛೇಂಬರು ಗಂಗಾಧರಯ್ಯನವರ ಬಟ್ಟೆ ಒಗೆಯುವ ಕಲ್ಲಿನ ಅಡಿಯಲ್ಲಿತ್ತು. ಮೂರು ಜನ ಸೇರಿ ಕಲ್ಲು ಸರಿಸಿದರು.

ಮುಚ್ಚಳ ತೆಗೆದರೆ ಒಳಗೆ ಸಗಣಿ ತುಂಬಿ ತುಳುಕುತ್ತಿರುತ್ತದೆ ಎಂದು ಸೀನು ಮೂಗು ಮುಚ್ಚಿಕೊಂಡು ಕಾದಿದ್ದ. ಛೇಂಬರು ಖಾಲಿ. ವೆಂಕಟಸ್ವಾಮಿ ಬಚ್ಚಲಿಗೆ ಹೋಗಿ, ಮಹಡಿಯಿಂದ ಅರ್ಧ ಬಕೆಟ್ ಬಿಡಿಸಿ, ಕಿವಿ ಕೊಟ್ಟರು.

"ಈ ಸದ್ದು ಯಾವಾಗಿಂದ ಸಾರ್?"

"ಎಂಟು ತಿಂಗಳಾಯ್ತು."

"ಯಾರಿಗೂ ಹೇಳ್ಲಿಲ್ವಾ?"

ಕ್ಯಾಂಟೀನಿನಲ್ಲಿ ಹೇಳಿದ್ದನ್ನು ಬಿಟ್ಟು, ಇಲ್ಲ ಎಂದ ಸೀನು.

ವೆಂಕಟಸ್ವಾಮಿ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದರು. ಒಂದೇ ತೂತು ನಿಧಾನವಾದರೆ ಕೊಳೆ ಆ ತೂತಿನದು. ಕಕ್ಕಸಿಗೆ ನೀರು ಹಾಕಿದರೆ ಬಚ್ಚಲು ಗುಳುಗುಳು ಎನ್ನುವುದು, ಮೇಲೆ ಹುಯ್ದರೆ ಕೆಳಗೆ ಉಕ್ಕುವುದು ಲೈನೇ ಕಟ್ಟಿದ ಗುರುತು. ಎಲ್ಲಕ್ಕಿಂತ ತಗ್ಗಿನ ತೂತೇ ಮೊದಲು ಕಕ್ಕುತ್ತದೆ. ಛೇಂಬರು ತುಂಬಿದ್ದರೆ ದೋಷ ರಸ್ತೆ ಕಡೆ, ಖಾಲಿಯಿದ್ದರೆ ಮನೆ ಕಡೆ. ಇದನ್ನು ಅವರು ಎಷ್ಟು ಮನೆಯಲ್ಲಿ ಹೇಳಿದ್ದರೋ, ಸ್ವರದಲ್ಲಿ ಕೇಳುವವರ ಮೇಲಿನ ಆಸೆ ಒಂದು ಚೂರೂ ಉಳಿದಿರಲಿಲ್ಲ.

ಛೇಂಬರಿನಿಂದ ಮನೆಯ ಕಡೆಗೆ ದಬ್ಬೆ ತೂರಿಸಿ, ತಿರುಚಿ, ಎಳೆದರು. ಮೂರನೇ ಸಲಕ್ಕೆ ಗಾರೆಯಂಥ ಬೂದುಬಣ್ಣದ ಗಟ್ಟಿ ಮುದ್ದೆಯೊಂದು ಬಂತು, ಒಳಗೆಲ್ಲ ತೆಂಗಿನ ನಾರು. ಹಿಂದೆಯೇ ನೀರು ಭರ್ರೆಂದು ಓಡಿತು. ಬಚ್ಚಲ ಕಡೆಯಿಂದ ಲಕ್ಷ್ಮಿದೇವಮ್ಮ ಇಳೀತು, ಇಳೀತು ಎಂದು ಕೂಗಿದರು.

ಗಂಗಾಧರಯ್ಯ ಮುದ್ದೆಯ ಕಡೆ ಬೆರಳು ತೋರಿಸಿ, ಇದನ್ನೇನಪ್ಪ ನೀನು ಸಗಣಿ ಅಂದಿದ್ದು ಎಂದರು. ಹಳೇದಾದ್ರೆ ಸಗಣೀನೂ ಹೀಗೇ ಆಗುತ್ತದೆಯಲ್ಲವೇ ಎಂದು ಸೀನು ಕೊನೆಯ ಪ್ರಯತ್ನ ಮಾಡಿದ.

"ಯಾವ ಹಸ ಸಾರ್ ಪಾತ್ರೆ ಬೆಳಗೋದು?" ಎಂದರು ವೆಂಕಟಸ್ವಾಮಿ.

ಆಗ ಭಾನುವಾರದ ಡಬ್ಬದ ವಿಷಯ ಹೊರಬಿತ್ತು. ವೆಂಕಟಸ್ವಾಮಿ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟರು. ಪೈಪಿನಿಂದ ಅವರು ಬನೀನು ತೆಗೆದಿದ್ದರು, ಸೌಟು ತೆಗೆದಿದ್ದರು, ಒಮ್ಮೆ ಹಲ್ಲಿನ ಸೆಟ್ಟು ಕೂಡ. ಅವೆಲ್ಲ ಕೈ ತಪ್ಪಿ ಬಿದ್ದಂಥವು. ವಾರಕ್ಕೊಮ್ಮೆ ತಪ್ಪದೆ, ಶ್ರದ್ಧೆಯಿಂದ ತನ್ನ ಪೈಪಿಗೆ ತಾನೇ ಗಾರೆ ಮಾಡಿಕೊಂಡವನನ್ನು ನೋಡುತ್ತಿದ್ದುದು ಇದೇ ಮೊದಲು.

ಎದ್ದು ಕೈಕಾಲು ತೊಳೆದುಕೊಂಡು, ಅವರು ಲಕ್ಷ್ಮಿದೇವಮ್ಮನವರಿಗೇ ಹೇಳಿದರು, ಸೀನುವಿಗಲ್ಲ. ಬೂದಿ ಗಿಡದ ಬುಡಕ್ಕೆ. ನಾರು ಒಲೆಗೆ. ಬಾಣಂತಿ ಎರೆದುಕೊಂಡಾಗ ಹರಳೆಣ್ಣೆ, ಸೀಗೆಪುಡಿ ಸೇರಿದರೆ ಅದೂ ಗಾರೆಯೇ; ತೂತಿಗೆ ಜಾಲರಿ ಇಡಿ, ನಿಂತ ಗಸಿ ಬಳಿದು ಹೊರಗೆ ಹಾಕಿ, ಮೇಲೊಂದು ಹಂಡೆ ಬಿಸಿನೀರು ಬಿಡಿ. ಮಾಳಿಗೆಯ ಮಳೆನೀರನ್ನು ಇದಕ್ಕೆ ತಿರುಗಿಸಬೇಡಿ. ಮೂರು ತಿಂಗಳಿಗೊಮ್ಮೆ ಛೇಂಬರು ತೆಗೆದು ನೋಡಿ. ಕೊಟ್ಟಿಗೆಯ ನೀರನ್ನು ಗೊಬ್ಬರದ ಗುಂಡಿಗೆ ತಿರುಗಿಸಿ ಎಂದು ಗಂಗಾಧರಯ್ಯನವರಿಗೂ ಒಂದು ಬಿತ್ತು. ಅವರು ಗೊಣಗುತ್ತಲೇ, ಇನ್ನಿಬ್ಬರ ಕೈ ಸೇರಿಸಿ, ಒಗೆಯುವ ಕಲ್ಲನ್ನು ಬೇವಿನ ಮರದಡಿಗೆ ಉರುಳಿಸಿದರು.

ಲಕ್ಷ್ಮಿದೇವಮ್ಮನವರಿಗೆ ಇನ್ನೂ ಧೈರ್ಯ ಬಂದಿರಲಿಲ್ಲ. ಮಗ ಪಕ್ಕದಲ್ಲೇ ನಿಂತಿರುವಾಗ ಕೇಳಿದರು:

"ನಿಜ ಹೇಳಪ್ಪ. ಇವನನ್ನ ನಂಬ್ಕೊಂಡು ಬಾಣಂತೀನ ಮೂರು ತಿಂಗಳು ಈ ಮನೇಲಿ ಇಟ್ಕೋಬಹುದಾ?"

ವೆಂಕಟಸ್ವಾಮಿ ದಬ್ಬೆಗಳನ್ನು ಸೈಕಲ್ಲಿಗೆ ಬಿಗಿದರು.

"ಇಟ್ಕೊಳ್ಳಿ ಅಮ್ಮ. ಇವರನ್ನ ಮಾತ್ರ ಬಚ್ಚಲಿಗೆ ಬಿಡಬೇಡಿ."