ಬೀಗರು ತಂದ ಹಸಿರು ಸೀರೆ

ಆಲಿವ್ ಎನ್ನುವ ಕಾಯಿಯನ್ನು ಎಪ್ಪತ್ತರ ದಶಕದ ಹೊಸದುರ್ಗದಲ್ಲಿ ಯಾರೂ ಕಂಡಿರಲಿಲ್ಲ. ಆದ್ದರಿಂದ ಅದರ ಬಣ್ಣ ನಮ್ಮ ಮನೆಗೆ ಬಂದಾಗ ಹೇಳಿಕೊಳ್ಳಲು ಒಂದು ಹೆಸರೂ ಇಲ್ಲದೆ ಬಂತು. ಊರು ಹೆಸರು ಹೇಳದೆ ಬಂದವರನ್ನು ನಮ್ಮ ದೊಡ್ಡಮ್ಮ ಜಗುಲಿ ದಾಟಿಸಿದವರಲ್ಲ.

ಬಂದದ್ದು ನನ್ನ ನಿಶ್ಚಿತಾರ್ಥದ ಸೀರೆಯಾಗಿ. ನಮ್ಮಲ್ಲಿ ಆ ದಿನ ಗಂಡಿನ ಕಡೆಯವರು ಹಸಿರು ಸೀರೆ ತರಬೇಕು. ಹೆಣ್ಣು ಅದನ್ನುಟ್ಟು ಕುಳಿತ ಮೇಲೆಯೇ ತಾಂಬೂಲ ಬದಲಾಯಿಸುವುದು. ಯಾವ ಹಸಿರು ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಗಿಳಿಹಸಿರು ಇತ್ತು, ವೀಳ್ಯದೆಲೆಯ ಹಸಿರು ಇತ್ತು, ಬಾಳೆಸುಳಿಯದು ಇತ್ತು; ಸೋಡಾ ಬಾಟಲಿಯ ಹಸಿರನ್ನೂ ಹಿರಿಯರು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡಿದ್ದರು. ಹಿರಿಯೂರಿನ ಬೀಗರು ತಟ್ಟೆಯ ಮೇಲಿನ ಬಟ್ಟೆ ಸರಿಸಿದಾಗ ಕಂಡದ್ದು ಇವುಗಳಲ್ಲಿ ಯಾವುದೂ ಅಲ್ಲ. ಹಸಿರು ಹಳದಿಯ ಕಡೆಗೆ ಹೊರಟು, ದಾರಿಯಲ್ಲಿ ಸ್ವಲ್ಪ ಕೆಸರು ತುಳಿದು, ಎರಡು ಕಡೆಗೂ ಸಲ್ಲದೆ ನಿಂತಂತಿತ್ತು.

ದೊಡ್ಡಮ್ಮ, ಅಂದರೆ ಅಪ್ಪನ ಅತ್ತಿಗೆ, ಮತ್ತೋಡಿನಿಂದ ಬೆಳಗಿನ ಬಸ್ಸಿಗೇ ಬಂದು ವಿಚಾರಣೆಗೆ ಸಿದ್ಧರಾಗಿ ಕುಳಿತಿದ್ದರು. ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದರು.

“ಇದು ಮಿಲಿಟ್ರಿ ಲಾರಿ ಬಣ್ಣ ಅಲ್ವೇನ್ರಿ?”

“ಹಸಿರೇ ಅಕ್ಕಾರೆ,” ಎಂದರು ಹುಡುಗನ ತಾಯಿ. “ದುರ್ಗದ ಅಂಗ್ಡಿಯಾಗೆ ನಾನೇ ನೋಡಿ ತಂದೀನಿ.”

“ಒಂದು ಕಾಲಕ್ಕೆ ಹಸಿರಿದ್ದಿರಬೌದು.”

ದೊಡ್ಡಮ್ಮನ ಸಂಶಯ ಎಲ್ಲರಿಗೂ ತಿಳಿಯಿತು: ಈ ಸೀರೆಯನ್ನು ಹಿಂದೆ ಇನ್ನಾವುದೋ ಹುಡುಗಿಗೆ ಕೊಟ್ಟಿದ್ದಾರೆ, ಸಂಬಂಧ ಮುರಿದಿದೆ, ಸೀರೆ ವಾಪಸು ಬಂದು ಪೆಟ್ಟಿಗೆಯಲ್ಲಿ ಬಣ್ಣಗೆಟ್ಟಿದೆ. ಹಾಗಿದ್ದರೆ ತಾಂಬೂಲವಿಲ್ಲ.

ನಾನು ನಡುಮನೆಯ ಬಾಗಿಲ ಹಿಂದೆ ನಿಂತಿದ್ದೆ. ಹುಡುಗ ಬಬ್ಬೂರಿನ ಕೃಷಿ ಫಾರಂನಲ್ಲಿ ಕೆಲಸಕ್ಕಿದ್ದ. ನೋಡಲು ಬಂದ ದಿನವೇ ನಾನು ಅವನನ್ನು ಒಪ್ಪಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು.

ಬಣ್ಣಗೆಟ್ಟ ಸೀರೆಯನ್ನು ಪತ್ತೆ ಹಚ್ಚಲು ಹೆಂಗಸರಲ್ಲಿ ಒಂದು ಉಪಾಯವಿದೆ. ಮಡಿಕೆಯ ಒಳಗೆ ಮೊದಲಿನ ಬಣ್ಣ ಉಳಿದಿರುತ್ತದೆ. ದೊಡ್ಡಮ್ಮ ಮಡಿಕೆ ಬಿಚ್ಚಿದರು. ಒಳಗೂ ಅದೇ ಬಣ್ಣ. ಸೆರಗು ತಿರುವಿದರು. ಅಲ್ಲೂ ಅದೇ. ಬೇರೆ ಯಾವ ನ್ಯಾಯಾಲಯವಾದರೂ ಅಲ್ಲಿಗೆ ಬಿಡುಗಡೆ ಮಾಡುತ್ತಿತ್ತು.

“ಎಲ್ಲಾ ಕಡೆ ಒಂದೇ ಸಮ ಐತೆ,” ಎಂದರು ದೊಡ್ಡಮ್ಮ. “ಅದಕ್ಕೇ ನಂಗೆ ಅನುಮಾನ. ಹುಷಾರಾಗಿ ಒಗ್ದವ್ರೆ.”

“ಅತ್ತಿಗೆ, ಬೀಗ್ರು ಕುಂತವ್ರೆ,” ಎಂದರು ಅಪ್ಪ.

“ಕುಂತ್ಕಳ್ಲಿ ಬಿಡಪ್ಪ. ಎದ್ದು ಹೋಗೋವಂಗೆ ನಾನೇನಂದೆ?”

ಹುಡುಗನ ಸೋದರಮಾವ ಆಗಲೇ ಹೆಗಲಿಗೆ ಟವಲು ಹಾಕಿಕೊಂಡಿದ್ದರು. “ಹೋಗಾಣ ನಡೀರಿ,” ಎಂದರು.

ಅಡುಗೆಮನೆಯಲ್ಲಿ ನಾನು ಬೆಳಿಗ್ಗೆ ಆರಿಸುತ್ತಿದ್ದ ಹೆಸರುಕಾಳಿನ ಮೊರವಿತ್ತು. ದೊಡ್ಡಮ್ಮನೇ ಚೀಲದಲ್ಲಿ ತಂದ ಕಾಳು. ಕರೆಯುವ ಮುನ್ನ ಹೆಣ್ಣು ಹೊರಗೆ ಬರುವಂತಿಲ್ಲ. ಬಂದೆ. ಮೊರವನ್ನು ಸೀರೆಯ ಪಕ್ಕದಲ್ಲಿಟ್ಟು, ತಲೆ ತಗ್ಗಿಸಿಕೊಂಡೇ ಒಳಗೆ ಹೋದೆ. ಬಾಯಿ ಬಿಡಲಿಲ್ಲವಾದ್ದರಿಂದ ಹಿರಿಯರೆದುರು ಮಾತಾಡಿದೆನೆಂಬ ಆರೋಪ ನಿಲ್ಲುವಂತಿರಲಿಲ್ಲ.

ಹುಡುಗನ ತಾಯಿ ಮೊರವನ್ನು ನೋಡಿದರು, ಸೀರೆಯನ್ನು ನೋಡಿದರು. ಒಂದು ಹಿಡಿ ಕಾಳು ತೆಗೆದು ಸೆರಗಿನ ಮೇಲೆ ಹರಡಿದರು. ಕಾಳು ಸೀರೆಯಲ್ಲಿ ಮಾಯವಾಯಿತು.

“ಇವನ್ನೂ ಯಾರೋ ಒಗ್ದು ಕೊಟ್ಟವ್ರೇನ್ರಿ ಅಕ್ಕಾರೆ?”

“ನಮ್ಮ ಹೊಲದವು,” ಎಂದರು ದೊಡ್ಡಮ್ಮ. ಕನ್ನಡಕ ಏರಿಸಿ ಬಗ್ಗಿದರು. ಕಣ್ಣಿಗೆ ಸಿಗದ ಕಾಳುಗಳನ್ನು ಅಂಗೈಯಲ್ಲಿ ಸವರಿ ಸವರಿ ಒಟ್ಟು ಮಾಡಿ ಮೊರಕ್ಕೆ ಹಾಕಿದರು. ತಾವೇ ಬೆಳೆದದ್ದನ್ನು ಹಸಿರಲ್ಲ ಎನ್ನುವುದು ಅವರಿಂದಲೂ ಆಗದ ಕೆಲಸ.

“ಸೀರೆ ಉಡ್ಸಿ ಕರ್ಕಂಬರ್ರಿ ಹುಡುಗೀನ,” ಎಂದರು ಕೊನೆಗೆ.

ಉಟ್ಟು ಬಂದು ಕುಳಿತೆ. ತಾಂಬೂಲ ಕೈ ಬದಲಾಗುವ ಮುನ್ನ ದೊಡ್ಡಮ್ಮ ತಮ್ಮ ಚೀಲದಿಂದ ಗಿಳಿಹಸಿರಿನ ರವಿಕೆ ಕಣವೊಂದನ್ನು ತೆಗೆದು ನನ್ನ ಮಡಿಲಿಗೆ ಹಾಕಿದರು.

“ಇರ್ಲಿ,” ಎಂದರು ಕಿವಿಯ ಹತ್ತಿರ. “ಆ ಸೀರೆ ಕಾವಲಿಗೆ.”